ಶಾಣ್ಯಾ ಶರಣ್ಯಾನ ಅವ್ವ-ಅಪ್ಪ

ಈಗಲೂ ಸುರಪುರದ ಬಸ್‌ಸ್ಟ್ಯಾಂಡಿನಲ್ಲೋ ಶಹಾಪುರದ ಸಂತೆಯಲ್ಲೋ ಯಾರಾದರೂ ಹಳಬರು ಎದುರಾದರೆ, ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನೀವು ಹಿಟ್ಟಿನ ಗಿರಣಿ ಮಲ್ಲಣ್ಣನ ಮಗಳಲ್ಲವೇ ಎಂದು ಕೇಳುವುದುಂಟು. ಹೌದು ಅನ್ನುತ್ತೇನೆ. ಮುಂದಿನ ಪ್ರಶ್ನೆ ನನಗೆ ಬಾಯಿಪಾಠ.

“ನಿಮ್ಮ ತಮ್ಮ ಹ್ಯಾಂಗ ಇದ್ದಾನ್ರಿ? ಭಾಳ ಶಾಣ್ಯಾ ಇದ್ದ ನೋಡ್ರಿ ಆ ಹುಡುಗ.”

“ಚಲೋ ಇದ್ದಾನ್ರಿ,” ಎಂದವಳೇ ಬಸ್ಸಿನ ನೆಪ ಹೇಳಿ ಅಲ್ಲಿಂದ ಜಾಗ ಖಾಲಿ ಮಾಡುತ್ತೇನೆ.

ನನಗೆ ತಮ್ಮನಿಲ್ಲ, ಅಣ್ಣನೂ ಇಲ್ಲ. ನಾನು ಒಬ್ಬಳೇ. ಅವರು ಕೇಳುವ ಹುಡುಗ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ, ನಾಲ್ಕು ಚೌಕಗಳ ಕಾರ್ಟೂನಿನೊಳಗೆ ಬದುಕಿದವನು. ಶಾಣ್ಯಾ ಶರಣ್ಯಾ ಅಂತ ಅವನ ಹೆಸರು. ನಮ್ಮ ಕಡೆ ಶಾಣ್ಯಾ ಅಂದರೆ ಬುದ್ಧಿವಂತ. ಶರಣಪ್ಪ ಎಂಬ ಹೆಸರು ಮನೆಮಂದಿಯ ಬಾಯಲ್ಲಿ ಸವೆದು ಶರಣ್ಯಾ ಆಗುತ್ತದೆ. ಆ ಕಾರ್ಟೂನಿಗೆ ಅವನೇ ಹೀರೋ. ಅವನ ಹಿಂದೆ ಮುಂದೆ ಓಡಾಡಿಕೊಂಡು, ಪೆದ್ದು ಪೆದ್ದಾಗಿ ಮಾತಾಡಿ, ಅವನ ಜಾಣತನ ಎದ್ದು ಕಾಣುವಂತೆ ಮಾಡಲಿಕ್ಕೆ ಒಬ್ಬ ಅಪ್ಪ, ಒಬ್ಬಳು ಅವ್ವ ಇದ್ದರು. ಆ ಅಪ್ಪ ಅವ್ವ ಮಾತ್ರ ಕಾಗದದವರಲ್ಲ, ನನ್ನವರು. ಅವರನ್ನು ನೋಡಿ ಊರು ನಗುತ್ತಿದ್ದ ಆ ಒಂದು ವರ್ಷ ನಾನು ಅನುಭವಿಸಿದ ನಾಚಿಕೆಯನ್ನು ಇಷ್ಟು ವಯಸ್ಸಾದರೂ ಯಾರೆದುರಿಗೂ ಪೂರ್ತಿ ಬಿಚ್ಚಿ ಹೇಳಿಲ್ಲ.

ಶಹಾಪುರದ ನಮ್ಮ ಮನೆಯ ಮುಂಭಾಗ ಗಿರಣಿ, ಹಿಂಭಾಗ ಮನೆ, ಮಾಳಿಗೆಯ ಮೇಲೆ ಬಾಡಿಗೆಗೆ ಒಂದು ಖೋಲಿ. ಗಿರಣಿ ಮತ್ತು ಅಡುಗೆಮನೆಯ ನಡುವೆ ಬಾಗಿಲಿರಲಿಲ್ಲ. ಹಳೆಯ ಸೀರೆಯ ಪರದೆ ಇತ್ತು. ಆದ್ದರಿಂದ ಹಿಟ್ಟು ನಮ್ಮ ಮನೆಯ ಇನ್ನೊಬ್ಬ ಸದಸ್ಯನ ಹಾಗಿತ್ತು. ದೇವರ ಜಗಲಿಯ ಮೇಲೆ ಹಿಟ್ಟು, ಹಾಸಿಗೆಯ ಮಡಿಕೆಯಲ್ಲಿ ಹಿಟ್ಟು, ನನ್ನ ಎರಡು ಜಡೆಗಳಲ್ಲಿ ಹಿಟ್ಟು. ಗಿರಣಿ ನಿಲ್ಲಿಸಿದ ಮೇಲೆ ಕಲ್ಲಿನ ಸುತ್ತ ಉಳಿದದ್ದನ್ನು ಅವ್ವ ಸಣ್ಣ ಕಸಬರಿಗೆಯಿಂದ ಕೂಡಿಸಿ ಜರಡಿ ಹಿಡಿದು ರೊಟ್ಟಿ ಬಡಿಯುತ್ತಿದ್ದಳು. ಅದರಲ್ಲಿ ಒಬ್ಬರ ಮನೆಯ ಜೋಳ, ಇನ್ನೊಬ್ಬರ ಮನೆಯ ಸಜ್ಜೆ, ಮತ್ತೊಬ್ಬರ ಗೋಧಿ, ಕಡಲೆ ಎಲ್ಲ ಸೇರಿರುತ್ತಿದ್ದವು. ಹೀಗಾಗಿ ನನ್ನ ಬುತ್ತಿಯ ರೊಟ್ಟಿಗೆ ದಿನಕ್ಕೊಂದು ಬಣ್ಣ. ಶಾಲೆಯಲ್ಲಿ ಹುಡುಗಿಯರು ಡಬ್ಬಿಯೊಳಗೆ ಇಣುಕಿ, “ಇವತ್ತು ಯಾರ್ಯಾರ ಮನಿ ರೊಟ್ಟಿ ಬಂದಾವ ನೀಲಿ?” ಎಂದು ಕೇಳುತ್ತಿದ್ದರು. ನಾನು ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ತೆಗೆದು, ಒಳಗೇ ಮುರಿದು ಮುರಿದು ತಿನ್ನುವುದನ್ನು ಕಲಿತೆ.

ಅಪ್ಪನಿಗೆ ಗಿರಣಿಯ ಸದ್ದಿನಲ್ಲಿ ಬೆಳೆದ ಗಂಟಲು. ಅವನು ಮಾತಾಡುತ್ತಿರಲಿಲ್ಲ, ಒದರುತ್ತಿದ್ದ. ಗಿರಣಿ ಬಂದ್ ಇದ್ದಾಗಲೂ ಅಷ್ಟೇ. ಕೂದಲು, ಹುಬ್ಬು, ಮೀಸೆ, ಕಿವಿಯ ಮೇಲಿನ ರೋಮ ಎಲ್ಲ ಬೆಳ್ಳಗಾದ ಮನುಷ್ಯ ಬೀದಿಯಲ್ಲಿ ನಿಂತು, “ನೀಲಿ ಹೊಟ್ಟಿ ಕೆಟ್ಟಾದ್ರೀ, ಅದಕ್ಕ ಶಾಲಿಗೆ ಕಳಿಸಿಲ್ಲ!” ಎಂದು ನಮ್ಮ ಟೀಚರಿಗೆ ರಸ್ತೆಯ ಆ ಬದಿಯಿಂದ ಈ ಬದಿಗೆ ವರದಿ ಒಪ್ಪಿಸಿದ್ದ. ಅವ್ವನದು ತದ್ವಿರುದ್ಧ. ಅವಳು ಒದರಿ ಒದರಿ ಸಾಕಾಗಿ ಮಾತನ್ನೇ ಬಿಟ್ಟು ಕೈಸನ್ನೆಗೆ ಇಳಿದಿದ್ದಳು. ಅಂಗೈ ಮಗುಚಿದರೆ ರೊಟ್ಟಿ ಆಗಿದೆ ಬಾ ಎಂದರ್ಥ, ಕಿವಿ ಜಗ್ಗಿಕೊಂಡರೆ ಎದುರಿಗಿರುವವನ ಮಾತು ನಂಬಬೇಡ ಎಂದು, ಮೂಗಿನ ಮೇಲೆ ಬೆರಳಿಟ್ಟರೆ ಈ ಹೆಂಗಸು ಬೀಸಿದ ರೊಕ್ಕ ಕೊಟ್ಟಿಲ್ಲ ಎಂದು. ಇವರಿಬ್ಬರ ಜಗಳವನ್ನು ನೋಡಬೇಕು! ಅಪ್ಪ ಓಣಿಯೆಲ್ಲ ಕೇಳುವಂತೆ ಕೂಗುತ್ತಿದ್ದ, ಅವ್ವ ಪರದೆಯ ಸಂದಿಯಲ್ಲಿ ನಿಂತು ಎರಡೂ ಕೈಯಿಂದ ಅವನಿಗೆ ಉತ್ತರ ಕೊಡುತ್ತಿದ್ದಳು. ಕಾಳು ಬೀಸಿಸಲು ಬಂದವರಿಗೆ ಪುಕ್ಕಟೆ ನಾಟಕ.

ಮಾಳಿಗೆಯ ಖೋಲಿಗೆ ಬಾಡಿಗೆಗೆ ಬಂದವರು ಒಬ್ಬ ಡ್ರಾಯಿಂಗ್ ಮಾಸ್ತರರು. ವಿಜಯಪುರದ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಊಟ. ಮೆಟ್ಟಿಲ ಮೇಲೆ ಕುಳಿತು ಈ ನಾಟಕ ನೋಡಿ ನೋಡಿ ಅವರಿಗೆ ಏನು ಹೊಳೆಯಿತೋ, ಯಾದಗಿರಿಯಿಂದ ಬರುತ್ತಿದ್ದ ವಾರಪತ್ರಿಕೆಗೆ ಕಾರ್ಟೂನು ಬರೆಯಲು ಶುರು ಮಾಡಿದರು. ಮೊದಲನೆಯದು ನನಗೆ ಚೆನ್ನಾಗಿ ನೆನಪಿದೆ. ಮೈಯೆಲ್ಲ ಬೆಳ್ಳಗಿರುವ ಅಪ್ಪ ಗಿರಾಕಿಯ ಕಿವಿಯ ಹತ್ತಿರ ಬಗ್ಗಿ, “ಗುಟ್ಟಿನ ಮಾತು, ಯಾರಿಗೂ ಹೇಳಬ್ಯಾಡ್ರಿ!” ಎನ್ನುತ್ತಿದ್ದಾನೆ. ಎರಡನೆಯ ಚೌಕದಲ್ಲಿ ಓಣಿಯ ಮಂದಿ, ಬಸ್ಸಿನ ಡ್ರೈವರು, ಒಂದು ಎಮ್ಮೆ ಎಲ್ಲರೂ ಕತ್ತು ತಿರುಗಿಸಿದ್ದಾರೆ. ಮೂರನೆಯದರಲ್ಲಿ ಉದ್ದ ಮೂಗಿನ ಅವ್ವ ಎರಡೂ ಕೈ ಎತ್ತಿ ಸಾಕು ಸಾಕು ಎಂದು ಸನ್ನೆ ಮಾಡುತ್ತಿದ್ದಾಳೆ. ಕೊನೆಯದರಲ್ಲಿ ದುಂಡು ತಲೆಯ ಹುಡುಗನೊಬ್ಬ ಹೇಳುತ್ತಾನೆ:

“ಅಪ್ಪಾ, ಯಾದಗಿರಿಯವ್ರಿಗೆ ಸರಿಯಾಗಿ ಕೇಳಿಸಿಲ್ಲಂತ. ಇನ್ನೊಮ್ಮಿ ಹೇಳು.”

ಅಪ್ಪ ಬಿದ್ದು ಬಿದ್ದು ನಕ್ಕ. ಅವ್ವ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, “ನನ್ನ ಮೂಗು ಇಷ್ಟ್ ಉದ್ದ ಅದ ಏನ್ರಿ?” ಎಂದಳು. “ಮಾಸ್ತರ ನಿನ್ ಮಾರಿ ನೋಡಿ ಕಡಿಮಿನೇ ತಗದಾರ!” ಎಂದು ಅಪ್ಪ ಒದರಿದ. ಮುಂದಿನ ವಾರದ ಕಾರ್ಟೂನಿನಲ್ಲಿ ಅಪ್ಪ ಚೀಲಗಳ ಮೇಲೆ ಅಂಗಾತ ಮಲಗಿದ್ದ. ಹೊರಗಿನಿಂದ ಬಂದವರು, ಬುದ್ಧ ಮಲಗಿದಂತೆ ಕಾಣುವ ನಮ್ಮೂರಿನ ಗುಡ್ಡ ಇದೇ ಎಂದು ಫೋಟೊ ತೆಗೆಯುತ್ತಿದ್ದರು, ಶರಣ್ಯಾ ಅವರಿಗೆ, “ಮುಟ್ಟಬ್ಯಾಡ್ರಿ, ಎದ್ರ ಬೀಸಿದ ರೊಕ್ಕ ಕೇಳ್ತಾನ,” ಎಂದು ಎಚ್ಚರಿಸುತ್ತಿದ್ದ. ಊರಿಗೆ ಊರೇ ನಕ್ಕಿತು. ನಾನು ಆ ಪುಟಗಳನ್ನು ಬೇರೆಯದೇ ಕಾರಣಕ್ಕೆ ಹುಡುಕುತ್ತಿದ್ದೆ. ಪರದೆಯ ಹಿಂದೆ, ಚೀಲದ ಮರೆಯಲ್ಲಿ, ಗುಂಪಿನಲ್ಲಿ ಎಲ್ಲಾದರೂ ಎರಡು ಜಡೆಯ ಹುಡುಗಿ ಇದ್ದಾಳೇನೋ ಎಂದು. ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಮಾಸ್ತರರನ್ನು ಕೇಳಿಯೇಬಿಟ್ಟೆ.

“ಸರ, ಅದ್ರಾಗ ನಾ ಎಲ್ಲಿದ್ದೀನ್ರಿ?”

“ನೀನಾ? ನೀ ಶಾಲಿಗೆ ಹೋಗೀದಿ ಅಂತ ತಿಳ್ಕೊ,” ಎಂದರು ನಗುತ್ತ. “ಕಾರ್ಟೂನಿಗೆ ಒಂದ ಕೂಸು ಸಾಕವ್ವ.”

ಆ ಒಂದು ಕೂಸು ಗಂಡೇ ಯಾಕಾಗಬೇಕು ಎಂದು ಕೇಳುವ ಬುದ್ಧಿ ಆಗ ಇರಲಿಲ್ಲ. ಆದರೆ ಅಪ್ಪ ಅವ್ವನಿಗೆ ಆ ಹುಡುಗ ಯಾಕೆ ಅಷ್ಟು ಹಿಡಿಸಿದ ಎಂಬುದು ನನಗೂ ಕಾಣುತ್ತಿತ್ತು. ಅದಕ್ಕೆ ಮುಂಚೆ ಕಾಳು ಬೀಸಿಸಲು ಬರುತ್ತಿದ್ದ ಎದುರುಮನೆಯ ಕಾಶಮ್ಮ ಪ್ರತಿ ಸಲವೂ ಅವ್ವನ ಹೊಟ್ಟೆಯತ್ತ ಕಣ್ಣು ಹಾಯಿಸಿ, “ಏನ್ ಗೌರಮ್ಮ, ಏನೂ ವಿಶೇಷ ಇಲ್ಲೇನು? ಹೆಣ್ಣೊಂದ ಹಡದು ಕುಂತ್ರ ಹ್ಯಾಂಗ?” ಎನ್ನುತ್ತಿದ್ದಳು. ಅವ್ವ ಗಿರಣಿ ಸದ್ದಿನಲ್ಲಿ ಕೇಳಿಸದವಳಂತೆ ಜರಡಿ ಆಡಿಸುತ್ತಿದ್ದಳು. ಕಾರ್ಟೂನು ಬಂದ ಮೇಲೆ ಆ ಪ್ರಶ್ನೆ ನಿಂತುಹೋಯಿತು. “ನಿನ್ ಮಗ ಈ ವಾರ ಏನ್ ಕಿತಾಪತಿ ಮಾಡ್ಯಾನ?” ಎಂದು ಅದೇ ಕಾಶಮ್ಮ ಕೇಳುತ್ತಿದ್ದಳು, ಅವ್ವ ಕೈಯಿಂದಲ್ಲ, ಬಾಯಿಂದ, ಸವಿಸ್ತಾರವಾಗಿ ಉತ್ತರ ಕೊಡುತ್ತಿದ್ದಳು. ಅಪ್ಪ ಮೆಟ್ಟಿಲ ಮೇಲೆ ಮಾಸ್ತರರ ಚಪ್ಪಲಿ ಸದ್ದು ಕೇಳಿದರೆ ಸಾಕು, ಇನ್ನೂ ಜೋರಾಗಿ ಒದರುತ್ತಿದ್ದ. ಅವ್ವ ಹೊಸ ಹೊಸ ಸನ್ನೆ ಹುಟ್ಟಿಸುತ್ತಿದ್ದಳು. ಇಬ್ಬರೂ ನಮ್ಮ ಮನೆಯಲ್ಲೇ ಕಾರ್ಟೂನಾಗಿ ಬದುಕತೊಡಗಿದರು. ಶಾಲೆಯಲ್ಲಿ ಹುಡುಗರು ಅಪ್ಪನ ಹಾಗೆ ಒದರಿ, ಅವ್ವನ ಹಾಗೆ ಕೈ ಆಡಿಸಿ ತೋರಿಸುವಾಗ ನಾನು ನೆಲ ಕೆರೆಯುತ್ತ ನಿಂತಿರುತ್ತಿದ್ದೆ. ನನ್ನನ್ನು ಅಣಕಿಸುವವರು ಯಾರೂ ಇರಲಿಲ್ಲ, ಅದಕ್ಕೂ ನಾಚಿಕೆಯಾಗುತ್ತಿತ್ತು.

ಪತ್ರಿಕೆ ಬಂದ ದಿನ ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಇನ್ನೊಂದು ಕೆಲಸ ಮಾಡುತ್ತಿದ್ದಳು. ಕೊನೆಯ ಪುಟವನ್ನು ಮಡಚಿ, ಶರಣ್ಯಾನ ಚಿತ್ರ ಮೇಲೆ ಬರುವಂತೆ ಮಣೆಯ ಮೇಲಿಟ್ಟು, ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅದಕ್ಕೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಊರಿನ ಕಣ್ಣೆಲ್ಲ ಅವನ ಮೇಲಿದೆ, ದೃಷ್ಟಿಯಾಗದೆ ಇರುತ್ತದೆಯೇ ಎಂಬುದು ಅವಳ ವಾದ. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅಪ್ಪ ಕೆಮ್ಮುತ್ತಿದ್ದ, ನಾನು ಕೆಮ್ಮುತ್ತಿದ್ದೆ, ಮಾಳಿಗೆಯ ಮೇಲೆ ಮಾಸ್ತರರು ಕೆಮ್ಮುತ್ತಿದ್ದರು, ಅವ್ವ ಕಣ್ಣಲ್ಲಿ ನೀರು ಸುರಿಸುತ್ತ, “ನೋಡ್ರಿ, ಒಟ್ಟ ಘಾಟ ಇಲ್ಲ! ಎಷ್ಟ್ ದೃಷ್ಟಿ ಆಗಿತ್ತು ಕೂಸಿಗೆ!” ಎನ್ನುತ್ತಿದ್ದಳು. ಒಂದು ಸಲ ನಾನು ಪತ್ರಿಕೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತೆ.

“ಅವ್ವಾ, ನನಗೂ ತಗಿ.”

“ನಿನ್ನ ಯಾರ್ ನೋಡ್ತಾರ, ಹುಚ್ಚಿ!” ಎಂದು ಅವ್ವ ನಕ್ಕಳು. “ಏಳು, ತಾಟು ಹಾಕು, ನಿಮ್ಮಪ್ಪಗ ಹಸಿವ್ಯಾಗ್ಯಾದ.”

ಅವಳು ತಮಾಷೆಗೆ ಹೇಳಿದ್ದು. ಅದು ಆಗಲೇ ಗೊತ್ತಿತ್ತು, ಈಗಲೂ ಗೊತ್ತಿದೆ. ಆದರೂ ಆ ರಾತ್ರಿ ನನ್ನ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಒಂದು ಕಾಗದದ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆಂದು ಯಾರಿಗೆ ಹೇಳಲಿ? ಹೇಳಿದರೆ ಅದೂ ಮುಂದಿನ ವಾರ ಅಚ್ಚಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ: ಯಾರಾದರೂ ನಿಮಗೆಷ್ಟು ಮಕ್ಕಳು ಎಂದು ಕೇಳಿದಾಗ ಅಪ್ಪ ಆ ದೊಡ್ಡ ಗಂಟಲಲ್ಲಿ ನನ್ನ ಹೆಸರು ಹೇಳಬೇಕು.

ಕೇಳುವವರೂ ಬಂದರು. ಹುಣಸಗಿಯಿಂದ ಒಬ್ಬ ಹೆಂಗಸು ತನ್ನ ಅಣ್ಣನ ಜೊತೆ ಸಂತೆಗೆ ಬಂದವಳು ನಮ್ಮ ಗಿರಣಿಯ ಮುಂದೆ ಇಳಿದಳು. ಗಿರಣಿ ಮಲ್ಲಣ್ಣನ ಮಗ ಎಷ್ಟು ಜಾಣನೆಂದರೆ ಪೇಪರಿನಲ್ಲೇ ಬರುತ್ತಾನಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅವಳಿಗೆ ಅಕ್ಷರ ಬಾರದು, ಅಣ್ಣನಿಗೂ ಅಷ್ಟಕ್ಕಷ್ಟೆ. ಕಾರ್ಟೂನು ಅಂದರೇನೆಂದು ತಿಳಿಯದ ಆ ಇಬ್ಬರು ಪಾಪ ನಿಜವಾಗಿಯೇ ಹುಡುಗನನ್ನು ನೋಡಿಹೋಗಲು ಬಂದಿದ್ದರು. ಆಗೆಲ್ಲ ಮಕ್ಕಳು ಸಣ್ಣವರಿರುವಾಗಲೇ ಬೀಗತನದ ಮಾತು ಹಾಕಿ ಇಡುವುದು ನಮ್ಮ ಕಡೆ ಇತ್ತು. ಕಾಶಮ್ಮ ಮತ್ತಿತರ ಹೆಂಗಸರು ಕಾಳಿನ ಬುಟ್ಟಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಅಪ್ಪ ಗಿರಣಿ ಬಂದ್ ಮಾಡಿ, ಬಂದವರಿಗೆ ಕಂಬಳಿ ಹಾಸಿದ. ಅವ್ವ ನನ್ನ ಕೈಗೆ ನೀರಿನ ತಂಬಿಗೆ ಕೊಟ್ಟು ಕಳಿಸಿದಳು.

“ಹುಡುಗ ಎಲ್ಲಿ ಹೋಗ್ಯಾನ್ರಿ?” ಎಂದಳು ಹೆಂಗಸು.

ಇಲ್ಲಿಗೇ ಅಪ್ಪ, ‘ಅವ ಚಿತ್ರದಾಗಿನ ಹುಡುಗ ತಾಯಿ’ ಎಂದಿದ್ದರೆ ಎಲ್ಲರೂ ನಕ್ಕು ಚಹಾ ಕುಡಿದು ಏಳುತ್ತಿದ್ದರು. ಅಪ್ಪ ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. ಅವನ ಮುಖದಲ್ಲಿ ನಾನು ಯಾವತ್ತೂ ನೋಡದ ಒಂದು ಗತ್ತು ಬಂತು.

“ಶಾಲಿಗೆ ಹೋಗ್ಯಾನ್ರೀ! ಓದೂದಂದ್ರ ಜೀವ ಅವಗ!”

“ಹೌದೇನ್ರಿ! ನಮ್ಮ ಹುಡುಗಿನೂ ಭಾಳ ಚಂದ ಅದಾಳ. ಈಗ ಸುಮ್ನ ಮಾತ್ ಹಾಕಿ ಇಟ್ಟಿರೂಣು, ಏನಂತೀರಿ?”

“ಇನ್ನ ಸಣ್ಣಾವ ಇದ್ದಾನ್ರೀ! ಓದ್ಲಿ, ಸಾಹೇಬ ಆಗ್ಲಿ, ಆಮ್ಯಾಲ ನೋಡೂಣು!”

ಹಿಂದೆ ಕುಳಿತ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡಿದ್ದರು. ನಾನು ತಂಬಿಗೆ ಮುಂದೆ ಮಾಡಿದೆ. ಆ ಹೆಂಗಸು ನೀರು ಕುಡಿದು, ನನ್ನ ಗಲ್ಲ ಮುಟ್ಟಿ, “ಈಕಿ ಯಾರ್ರಿ? ನಿಮಗ ಒಬ್ಬನೇ ಮಗ, ಬ್ಯಾರೆ ಮಕ್ಕಳಿಲ್ಲಂತ ಬಸ್ಸಿನ್ಯಾಗ ಹೇಳಿದ್ರಲ್ಲ,” ಎಂದಳು. ಅಪ್ಪ ನನ್ನ ಕಡೆ ನೋಡಿದ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾಯುತ್ತ ನಿಂತೆ. ಹೊಳೆಯ ನಡುವೆ ಹೋದವನು ಹಿಂದೆ ಬರಲೂ ಆಗದೆ ಮುಂದೆ ಹೋಗಲೂ ಆಗದೆ ನಿಂತ ಹಾಗೆ ಒಂದು ಗಳಿಗೆ ತಡೆದ ಅಪ್ಪ, ಆಮೇಲೆ ಅದೇ ಒದರುವ ದನಿಯಲ್ಲಿ ಓಣಿಗೆಲ್ಲ ಕೇಳುವಂತೆ ಹೇಳಿದ.

“ಒಬ್ಬನೇ ರೀ, ಒಬ್ಬನೇ! ಈಕಿ ನಮ್ಮ ತಂಗಿ ಮಗಳು!”

ಪರದೆಯ ಸಂದಿಯಿಂದ ಅವ್ವನ ಕೈ ಕಾಣಿಸಿತು. ತಡೆ, ಆಮೇಲೆ ಹೇಳುತ್ತೇನೆ ಎಂಬ ಸನ್ನೆ. ಅವಳ ಸನ್ನೆ ಓದಲು ನನಗಿಂತ ಬಲ್ಲವರು ಯಾರೂ ಇರಲಿಲ್ಲ, ಆದರೂ ಅರ್ಥವಾಗದವಳಂತೆ ನೋಡಿದೆ. ತಂಬಿಗೆಯನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಳಿತೆ. ಹುಣಸಗಿಯವರು ಹೊರಡುವ ತನಕ ತಡೆದುಕೊಂಡಿದ್ದ ಹೆಂಗಸರ ನಗು ಆಮೇಲೆ ಒಮ್ಮೆಗೇ ಒಡೆದದ್ದು ಅಲ್ಲಿಗೂ ಕೇಳಿಸಿತು.

“ಕೂಸು ಹುಟ್ಟೂದಕ್ಕಿಂತ ಮೊದ್ಲ ಕುಲಾಯಿ ಹೊಲಿಸಿದ್ರಂತ ಕೇಳಿದ್ದೆ,” ಎಂದಳು ಕಾಶಮ್ಮ. “ನಮ್ಮ ಮಲ್ಲಣ್ಣ ಲಗ್ನಾನೇ ಮಾಡ್ಲಾಕ ಹೊಂಟಿದ್ದ ನೋಡ್ರೆವಾ! ಇದ್ದ ಮಗಳನ್ನ ಬಿಟ್ಟು ಇಲ್ಲದ ಮಗನ ಹಿಂದ ಬಿದ್ದಾನ, ಎಪ್ಪಾ!”

ಅಪ್ಪ ಗಿರಣಿ ಚಾಲೂ ಮಾಡಿದ. ಮೇಲಿನ ಡಬ್ಬಿಯಲ್ಲಿ ಕಾಳೇ ಇರಲಿಲ್ಲ. ಕಾಳಿಲ್ಲದೆ ಕಲ್ಲು ತಿರುಗಿಸಬಾರದು, ಕಲ್ಲಿಗೆ ಕಲ್ಲು ತಾಗಿ ಹಾಳಾಗುತ್ತದೆ ಎಂದು ನೋಡುವವರಿಗೆಲ್ಲ ಹೇಳುತ್ತಿದ್ದ ಮನುಷ್ಯ, ಕಲ್ಲು ಕಿರ್ರೆಂದು ಉಜ್ಜಿ ಸುಟ್ಟ ವಾಸನೆ ಮನೆಯೊಳಗೆ ಬರುವ ತನಕ ಹಾಗೇ ನಿಂತಿದ್ದನಂತೆ. ಅವ್ವ ಓಡಿಹೋಗಿ ಬಂದ್ ಮಾಡಿದಳು. ಅಂದು ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಅವರ ಬಗ್ಗೆ ನಾಚಿಕೆಪಟ್ಟು ರೂಢಿಯಾಗಿದ್ದ ನನಗೆ, ಅಪ್ಪನೇ ನನ್ನೆದುರು ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತದ್ದನ್ನು ನೋಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ ಹೇಳುತ್ತೇನೆಂದ ಅವ್ವ ನನ್ನ ತಾಟಿಗೆ ಕೇಳದೆಯೇ ತುಪ್ಪ ಹಾಕಿದಳು.

ಆ ಸುದ್ದಿ ಮಾಸ್ತರರಿಗೆ ತಲುಪಲು ಎಷ್ಟು ಹೊತ್ತು ಬೇಕು? ಮರುದಿನ ಮಧ್ಯಾಹ್ನ ಖುಷಿಯಿಂದ ಒಂದು ಹಾಳೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತರು. ಅವರಲ್ಲಿ ಕೆಟ್ಟದ್ದು ಇರಲಿಲ್ಲ. ನಗು ಎಲ್ಲಿದ್ದರೂ ಅದು ಎಲ್ಲರದೂ ಎಂದು ನಂಬಿದ್ದ ಮನುಷ್ಯ. “ನೀಲಿ, ಬಾ ಇಲ್ಲಿ, ನೋಡು. ಕಡೀಗೂ ನೀ ಬಂದಿ,” ಎಂದು ಕರೆದರು. ಹಾಳೆಯಲ್ಲಿ ಪೇಟ ಸುತ್ತಿದ ಬೀಗರಿದ್ದರು, ಗತ್ತಿನಲ್ಲಿ ಮೀಸೆ ಒರೆಸಿಕೊಳ್ಳುವ ಅಪ್ಪನಿದ್ದ, ಮೂರನೆಯ ಚೌಕದಲ್ಲಿ ದೊಡ್ಡ ತಂಬಿಗೆ ಹಿಡಿದ ಎರಡು ಜಡೆಯ ಹುಡುಗಿ ಇದ್ದಳು. ತಂಬಿಗೆ ಎಷ್ಟು ದೊಡ್ಡದಿತ್ತೆಂದರೆ ಅವಳ ಮುಖವೇ ಕಾಣುತ್ತಿರಲಿಲ್ಲ. ಅವಳ ತಲೆಯ ಮೇಲೆ, ‘ಈಕಿ ನಮ್ಮ ತಂಗಿ ಮಗಳು!’ ಎಂದು ಅಪ್ಪನ ಮಾತು ದಪ್ಪ ಅಕ್ಷರದಲ್ಲಿತ್ತು. ಕೊನೆಯ ಚೌಕ ಖಾಲಿ ಇತ್ತು.

“ಇಲ್ಲಿ ಶರಣ್ಯಾ ಏನನಬೇಕು, ನೀವೇ ಹೇಳ್ರಿ ಮಲ್ಲಣ್ಣ. ನನಗ ಹೊಳೀವಲ್ದು,” ಎಂದರು ಮಾಸ್ತರರು.

ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅವ್ವನಿಗೆ ಕೊಟ್ಟ. ಅವ್ವ ರೊಟ್ಟಿ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ನೋಡಿದಳು, ತಂಬಿಗೆಯ ಹುಡುಗಿಯ ಮೇಲೆ ಒಮ್ಮೆ ಬೆರಳಾಡಿಸಿದಳು.

“ಮಾಸ್ತರ್ರ, ಆ ಹುಡುಗನ್ನ ಇನ್ನ ಸಾಕ್ ಮಾಡ್ರಿ.”

“ಸಾಕಂದ್ರ, ಗೌರಮ್ಮ? ಇಷ್ಟ್ ಮಂದಿ ಓದ್ಲಾಕತ್ಯಾರ...”

“ಎಲ್ಲೆರ ಕಳಸ್ರಿ. ಹಾಸ್ಟೇಲಿಗೆ ಹಾಕ್ರಿ. ಮನಿಯಾಗ ಬ್ಯಾಡ.”

ಮಾಸ್ತರರು ಅಪ್ಪನ ಕಡೆ ತಿರುಗಿದರು. ಅಪ್ಪ ತಲೆ ಎತ್ತದೆ ಹೇಳಿದ. ಅವನಿಗೆ ಅಷ್ಟು ಸಣ್ಣ ದನಿ ಇದೆಯೆಂಬುದು ನನಗೆ ಅಂದೇ ತಿಳಿದದ್ದು.

“ಕೊಲ್ಲಬ್ಯಾಡ್ರಿ ಮತ್ತ.”

“ಛೇ ಛೇ, ಕೊಲ್ಲೂದ್ಯಾಕ್ರಿ!” ಮಾಸ್ತರರ ನಗು ಅರ್ಧಕ್ಕೇ ನಿಂತಿತು. ಅವರಿಗೂ ಏನೋ ತಿಳಿದಿರಬೇಕು, ಜೇಬಿನಿಂದ ಪೆನ್ಸಿಲು ತೆಗೆದರು. “ಹಾಸ್ಟೇಲಿಗೆ ಕಳಸೂಣು. ಟ್ರಂಕು ಹೊತ್ಕೊಂಡು ಹೊಂಟಾನ ಅಂತ ತಗೀತೀನಿ.”

“ಅಲ್ಲಿ ಊಟ ಚಲೋ ಕೊಡ್ತಾರೇನ್ರಿ?” ಎಂದಳು ಅವ್ವ.

ಕೇಳಿದ ಮೇಲೆ ಅವಳಿಗೇ ಅರಿವಾಗಿ ನನ್ನ ಕಡೆ ನೋಡಿದಳು. ಅಪ್ಪನೂ ನೋಡಿದ. ಇಬ್ಬರ ಕಣ್ಣಲ್ಲೂ ಒಂದೇ ಪ್ರಶ್ನೆ: ಇಷ್ಟಾದರೆ ಸಾಕೇನವ್ವ ನಿನಗೆ? ನಾನು ಸಣ್ಣವಳಿದ್ದೆ, ಆದರೆ ಇಷ್ಟು ತಿಳಿಯದಷ್ಟು ಸಣ್ಣವಳಲ್ಲ. ಅವರು ನನಗಾಗಿ ಒಬ್ಬ ಮಗನನ್ನು ಮನೆಯಿಂದ ಕಳಿಸುತ್ತಿದ್ದರು. ಇರಲಿ ಬಿಡ್ರಿ ಸರ, ನಾನೂ ಇರುತ್ತೇನೆ, ಅವನೂ ಇರಲಿ ಅಂದಿದ್ದರೆ ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನಿಗೆ ನಿವಾಳಿಸಿದ ಮೆಣಸಿನಕಾಯಿ, ಅವನ ಊಟದ ಚಿಂತೆ ಎಲ್ಲ ಸೇರಿ ನನ್ನ ಎದೆ ಉರಿಯುತ್ತಿತ್ತು.

“ದೂರದ ಹಾಸ್ಟೇಲಿಗೆ ಹಾಕ್ರಿ ಸರ,” ಎಂದೆ. “ರಜಾಕ್ಕೂ ಬರಬಾರದ್ರಿ.”

ಅವ್ವ ಒಲೆಯ ಕಡೆ ತಿರುಗಿದಳು. ಮಾಸ್ತರರ ಪೆನ್ಸಿಲು ನಿಂತಿತು. ಏನು ಮಾಡಲಿ ಎನ್ನುವಂತೆ ಅವರು ಅಪ್ಪನ ಮುಖ ನೋಡಿದರು. ಅಪ್ಪ ಎದ್ದು ನಿಂತ. ಅಂಗಿಯ ಹಿಟ್ಟು ಕೊಡವಿಕೊಂಡು, ಎದುರುಮನೆಯ ಕಾಶಮ್ಮ ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ಒದರಿದ.

“ನನ್ನ ಮಗಳು ಹ್ಯಾಂಗ ಹೇಳ್ತಾಳ, ಹಾಂಗ ಮಾಡ್ರಿ ಮಾಸ್ತರ್ರ!”

ವರ್ಷವಿಡೀ ನಾನು ಕಾದದ್ದು ಆ ಒಂದು ಮಾತಿಗೆ. ಅದು ಓಣಿಗೆಲ್ಲ ಕೇಳಿಸಿತು. ನನಗೆ ತಲೆ ಎತ್ತಲಾಗಲಿಲ್ಲ.